ಘೋಟಿಯಲ್ಲಿ ದಾರಿ ಕವಲೊಡೆದಾಗ

ಕೈಯಲ್ಲಿರುವುದು ಎರಡೇ ದಿನ, ಆ ಕಡೆಗೆ ಹೋಗುತ್ತಿರುವುದು ಮೊದಲ ಸಲ. ನಾಶಿಕವೋ, ಛತ್ರಪತಿ ಸಂಭಾಜಿನಗರವೋ? ಮುಂಬೈಯಿಂದ ಕಸಾರಾ ಘಾಟಿ ಹತ್ತಿ, ಇಗತ್‌ಪುರಿ ದಾಟಿ ಘೋಟಿಗೆ ಬಂದವರು ಇದನ್ನು ಅಲ್ಲೇ ತೀರ್ಮಾನಿಸಿಬಿಡಬೇಕು. ಆಗ್ರಾ ಹೆದ್ದಾರಿಯಲ್ಲೇ ಮುಂದುವರಿದರೆ ಗಂಟೆಯೊಳಗೆ ನಾಶಿಕ. ಹತ್ತಿರದಲ್ಲೇ ಹಾಯುವ ಸಮೃದ್ಧಿ ಮಹಾಮಾರ್ಗ ಹಿಡಿದರೆ ಸಂಭಾಜಿನಗರ.

ಎರಡನ್ನೂ ಮುಟ್ಟಿಬರುತ್ತೇವೆಂದು ಹೊರಟರೆ ನೋಡುವುದು ರಸ್ತೆಯನ್ನೇ. ನಾಶಿಕದಲ್ಲಿ ಪಂಚವಟಿ ಇದೆ, ಸಮೀಪದಲ್ಲೇ ತ್ರ್ಯಂಬಕೇಶ್ವರ, ಗೋದಾವರಿ ಹುಟ್ಟುವ ಬ್ರಹ್ಮಗಿರಿ. 1930ರಲ್ಲಿ ಅಂಬೇಡ್ಕರ್ ನೇತೃತ್ವದಲ್ಲಿ ಪ್ರವೇಶ ಸತ್ಯಾಗ್ರಹ ನಡೆದ ಕಾಳಾರಾಮ ಮಂದಿರವೂ ಅಲ್ಲಿಯೇ.

ಆದರೂ ಕನ್ನಡದವರು ಮೊದಲು ಹೋಗಬೇಕಾದದ್ದು ಸಂಭಾಜಿನಗರಕ್ಕೆ, ಅಲ್ಲಿಂದ ಸುಮಾರು 30 ಕಿ.ಮೀ. ದೂರದ ಎಲ್ಲೋರಕ್ಕೆ ಎಂದೇ ನನ್ನ ಗಟ್ಟಿ ಅಭಿಪ್ರಾಯ. 16ನೇ ಗುಹೆಯಾದ ಕೈಲಾಸನಾಥ ದೇಗುಲ ಎಂಟನೇ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೇ ಕೃಷ್ಣ ಕೆತ್ತಿಸಿದ್ದು. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತಾ ಬಂದು, ಶಿಖರದಿಂದ ಬುಡದವರೆಗೆ ಒಂದೇ ಬಂಡೆಯಲ್ಲಿ ದೇಗುಲ ಬಿಡಿಸಿದ್ದಾರೆ. ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲ ನೋಡಿದವರಿಗೆ ಇಲ್ಲಿನ ವಿನ್ಯಾಸ ಪರಿಚಿತ ಎನಿಸುತ್ತದೆ. ಎರಡರ ಸಂಬಂಧವನ್ನು ವಿದ್ವಾಂಸರೂ ಗುರುತಿಸಿದ್ದಾರೆ. ಒಂದು ಇಡೀ ದಿನ ಇದಕ್ಕೇ ಕೊಡಿ. ಬೆಳಗ್ಗೆ ಒಮ್ಮೆ ಒಳಗೆ ಸುತ್ತಿ, ಆಮೇಲೆ ಪಕ್ಕದ ಗುಡ್ಡ ಹತ್ತಿ ಮೇಲಿನಿಂದಲೂ ನೋಡಿ. ಅಜಂತಾ ಅಲ್ಲಿಂದ ನೂರು ಕಿ.ಮೀ. ಆಚೆಗಿದೆ, ಅದನ್ನು ಇನ್ನೊಂದು ಪ್ರವಾಸಕ್ಕೆ ಬಿಡಿ.

ಮಂಗಳವಾರ ಎಲ್ಲೋರಕ್ಕೆ ರಜೆ. ನಿಮ್ಮ ದಿನ ಅಂದೇ ಬಿದ್ದರೆ ಘೋಟಿಯಿಂದ ನೇರ ನಾಶಿಕಕ್ಕೆ ಹೋಗಿ.