ಕ್ಯಾಲೆಂಡರಿನ ಲಕ್ಷ್ಮಿ

ಮೊನ್ನೆ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡು ಮಲಯಾಳ. ಹಾಗಾದರೆ ನಾವು ಯಾರು?" ನನಗೆ ಉತ್ತರ ಹೊಳೆಯಲಿಲ್ಲ.

ಮರುದಿನ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರ ಚಿತ್ರಗಳನ್ನು ತೋರಿಸಿದೆ. ಶಿಲ್ಪಕಲೆ ಕಲಿತ ಅವರು ಆಮೇಲೆ ಫೋಟೋ, ವಿಡಿಯೋ, ಅಭಿನಯಗಳತ್ತ ಹೊರಳಿದವರು. 2000ರಿಂದ 2004ರ ತನಕ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ಸರಣಿಯಲ್ಲಿ, ದಕ್ಷಿಣ ಭಾರತದ ಹೆಂಗಸರ ಹಳೆಯ ಚಿತ್ರಗಳಿಗೆ ತಾವೇ ವೇಷ ಹಾಕಿ ನಿಂತರು.

ರವಿವರ್ಮ ಪ್ರೆಸ್ಸಿನ ಲಕ್ಷ್ಮಿಯ ವೇಷ ಕಂಡು ಮಕ್ಕಳು, "ನಮ್ಮನೆ ಕ್ಯಾಲೆಂಡರಿನದ್ದು!" ಎಂದರು. ರವಿವರ್ಮ ಕೇರಳದ ಕಿಳಿಮಾನೂರಿನವರು. ವೇಷ ಹಾಕಿದವರು ಬೆಂಗಳೂರಿನವರು. ಲಕ್ಷ್ಮಿಗೆ ಗಡಿಯೇ ಇಲ್ಲ!

ಇನ್ನೊಂದು ಚಿತ್ರ ತೋಡ ಹೆಂಗಸಿನದು. ಬ್ರಿಟಿಷರು ಬುಡಕಟ್ಟಿನವರನ್ನು ಅಳತೆ ಮಾಡಲೆಂದು ತೆಗೆಯುತ್ತಿದ್ದ ಫೋಟೋದ ಮಾದರಿ. ತರಗತಿ ಸುಮ್ಮನಾಯಿತು. ಆ ಹುಡುಗಿಯೇ ಹೇಳಿದಳು: "ಅಳೆಯುವವರು ಬೇರೆ ಯಾರೋ, ಅಲ್ವಾ ಟೀಚರ್?"

ನನಗೆ 1956ರ ನವೆಂಬರ್ 1 ನೆನಪಾಯಿತು. ಕಾಸರಗೋಡು ಕೇರಳಕ್ಕೆ ಸೇರಿದ ದಿನ. ಗೆರೆ ಎಳೆದವರೂ ಬೇರೆ ಯಾರೋ. ಆದರೆ ನಾವು ಯಾರೆಂದು ಹೇಳಬೇಕಾದವರು ನಾವೇ ತಾನೆ?

ಈ ಸಲದ ವಾರ್ಷಿಕೋತ್ಸವಕ್ಕೆ ಮಕ್ಕಳು ಅಜ್ಜಿಯ ಹಳೇ ಫೋಟೋ ತಂದು, ಅಜ್ಜಿಯ ಸೀರೆ ಉಟ್ಟು, ಅಜ್ಜಿಯ ಮಾತಿನಲ್ಲೇ ಕತೆ ಹೇಳಲಿದ್ದಾರೆ. ನಿಮ್ಮ ಶಾಲೆಯಲ್ಲೂ ಮಾಡಿ ನೋಡಿ.