ಏನೂ ಆಗಲಿಲ್ಲವೆಂಬ ಧೈರ್ಯ

ಮನುಷ್ಯನು ಯಾವುದಕ್ಕೆ ಅಂಜುತ್ತಾನೆಯೋ ಅದರಿಂದಲೇ ಅವನಿಗೆ ಕೇಡು ಬರುವುದೆಂಬ ನಿಯಮವಿಲ್ಲ. ಭಾಲ್ಕಿ ತಾಲೂಕಿನ ಸಾಯಗಾಂವದ ನಮ್ಮ ಮನೆಯಲ್ಲಿ ಎಲ್ಲರೂ ಅಂಜುತ್ತಿದ್ದುದು ಮಾಂಜರಾ ನದಿಯ ಮಹಾಪೂರಕ್ಕೆ. ಶ್ರಾವಣದಲ್ಲಿ ಯಾರಾದರೂ ಹೊಳೆಯ ಕಡೆಗೆ ಹೊರಟರೆ ಅಜ್ಜಿಯು ಬಾಗಿಲಿಗೆ ಅಡ್ಡ ನಿಲ್ಲುವಳು. ಕಾಕಾ ಅವರಂತೂ ಅಮಾವಾಸ್ಯೆಯ ದಿನ ಊರ ಗಡಿಯನ್ನೇ ದಾಟುತ್ತಿರಲಿಲ್ಲ. ಇಷ್ಟು ಎಚ್ಚರಿಕೆಯುಳ್ಳ ಮನೆಗೆ ಕೇಡು ಬಂದುದು ಹೊಳೆಯಿಂದಲ್ಲ, ನಮ್ಮ ಕಣದಿಂದಲೇ.

ಸೋಯಾಬೀನಿನ ರಾಶಿ ನಡೆದಿತ್ತು. ಮೋಡ ಕವಿದಿತ್ತು. ಬಾಡಿಗೆಗೆ ತಂದ ರಾಶಿಯಂತ್ರದ ಬಾಯಿಗೆ ಕಾಕಾ ಸಿವುಡುಗಳನ್ನು ಕೊಡುತ್ತಿದ್ದರು. "ಕಾಕಾ, ಲಗೂ ಮಾಡ್ರಿ, ಮಳಿ ಬರ್ತದ" ಎಂದು ಅವಸರಪಡಿಸಿದವನು ನಾನು. ತೇವವಾದ ಸಿವುಡೊಂದು ಬಾಯಲ್ಲಿ ಸಿಕ್ಕಿಕೊಂಡಿತು. ಅವರು ಯಂತ್ರವನ್ನು ನಿಲ್ಲಿಸದೆ ಅದನ್ನು ಕೈಯಿಂದ ದೂಡಿದರು. ಸಿವುಡು ಒಮ್ಮೆಗೇ ಒಳಗೆ ಹೋಯಿತು. ಕೈಯೂ ಅದರ ಬೆನ್ನು ಹಿಡಿಯಿತು. ಬಲಗೈಯಲ್ಲಿ ಉಳಿದುದು ಹೆಬ್ಬೆರಳೊಂದೇ.

ಅಂದು ಮುಂಜಾನೆ ಅವ್ವನು, ಯಂತ್ರದ ಬಾಯಿಗೆ ಕೈ ಹಾಕಬಾರದೆಂದು ಹೇಳಿದ್ದಳು. "ವೈನಿ, ಹತ್ತು ವರ್ಷ ಆಯ್ತು, ಏನಾಗ್ಯಾದ?" ಎಂದು ಕಾಕಾ ನಕ್ಕಿದ್ದರು. ಆ ಮಾತು ಸುಳ್ಳಲ್ಲ. ಅದರಿಂದ ತೆಗೆದ ತಾತ್ಪರ್ಯವು ಮಾತ್ರ ತಪ್ಪು. ಒಂದು ಕೆಲಸದಲ್ಲಿ ದಿನಕ್ಕೆ ಸಾವಿರದಲ್ಲೊಂದು ಪಾಲು ಅಪಾಯವಿದೆಯೆಂದು ಲೆಕ್ಕಕ್ಕಾಗಿ ಹಿಡಿಯೋಣ. ಆ ದಿನದ ಮಟ್ಟಿಗೆ ಅದು ಇಲ್ಲದಂತೆಯೇ ಸರಿ. ಆದರೆ ಅಂಥ ಸಾವಿರ ದಿನಗಳಲ್ಲಿ ಒಮ್ಮೆಯಾದರೂ ಪೆಟ್ಟು ಬೀಳುವ ಸಂಭವವು ನೂರಕ್ಕೆ 63ರಷ್ಟಾಗುವುದು. ಸುಖವಾಗಿ ಕಳೆದ ದಿನಗಳು ನಾಳಿನ ಅಪಾಯವನ್ನು ಕೂದಲೆಳೆಯಷ್ಟೂ ಕುಗ್ಗಿಸುವುದಿಲ್ಲ. ನಮ್ಮ ಅಂಜಿಕೆಯನ್ನು ಮಾತ್ರ ಕುಗ್ಗಿಸುತ್ತವೆ.

ಬಳಕೆಯಾದುದಕ್ಕೆ ನಾವು ಅಂಜುವುದಿಲ್ಲ. 2022ರಲ್ಲಿ ಭಾರತದ ರಸ್ತೆಗಳ ಅಪಘಾತಗಳಲ್ಲಿ 1,68,000ಕ್ಕಿಂತ ಹೆಚ್ಚು ಜನರು ಮಡಿದರು. ಆದರೂ ಸಂತೆಗೆ ಮೋಟಾರು ಸೈಕಲ್ಲನ್ನೇರಿ ಹೊರಟ ಮಗನಿಗೆ, ಶಿರಸ್ತ್ರಾಣವೆಲ್ಲಿ ಎಂದು ಕೇಳುವ ಮನೆಗಳು ಎಷ್ಟಿವೆ?

ರಾಶಿಯಂತ್ರಗಳಿಗೆ ಅನೇಕರು ಕೈಗಳನ್ನು ಕಳೆದುಕೊಂಡ ಮೇಲೆ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆಂದು ಕಾಯಿದೆಯನ್ನು ಮಾಡಿತು. ಸಿವುಡು ಹಾಕುವ ದೋಣಿಯು ಕೈಗೆ ಒಳಗಿನ ಉರುಳೆಯು ನಿಲುಕದಷ್ಟು ಉದ್ದವಾಗಿದ್ದು, ಅದರ ಮೇಲೆ ಮುಚ್ಚಳವಿದ್ದರೆ ಬೆರಳುಗಳು ಉಳಿಯುತ್ತವೆ. ನಾವು ತಂದ ಯಂತ್ರಕ್ಕೆ ಮುಚ್ಚಳವಿರಲಿಲ್ಲ. ಬಾಡಿಗೆಯನ್ನು ಚೌಕಾಶಿ ಮಾಡಿದ ನಾವು ಮುಚ್ಚಳವನ್ನು ಕೇಳಲಿಲ್ಲ.

ಈಗ ನಮ್ಮ ಕಣದಲ್ಲಿ ಮೂರು ಕಟ್ಟಳೆಗಳಿವೆ. ಮುಚ್ಚಳವಿಲ್ಲದ ಯಂತ್ರವು ಬರಕೂಡದು; ಜೋಲುವ ಬಟ್ಟೆಯನ್ನುಟ್ಟು ಯಾರೂ ಅದರ ಬಳಿ ನಿಲ್ಲಕೂಡದು; ಸಿವುಡು ಸಿಕ್ಕಿಕೊಂಡರೆ ಮೊದಲು ಯಂತ್ರ ನಿಲ್ಲಬೇಕು. ಕಾಕಾ ಕಣದ ಅಂಚಿನಲ್ಲಿ ಕುಳಿತು ಇವನ್ನು ನೋಡಿಕೊಳ್ಳುತ್ತಾರೆ. ನನ್ನನ್ನು ಅವರೆಂದೂ ದೂರಲಿಲ್ಲ. ಅದೇ ನನಗೆ ಭಾರ.

ಹೋದ ವರ್ಷ ರಾಶಿಯ ನಡುವೆ ಮತ್ತೆ ಮೋಡ ಕವಿಯಿತು. ಅದೇ ಮಾತು ನನ್ನ ನಾಲಗೆಯ ತುದಿಗೆ ಬಂದಿತು. ಕಾಕಾ ಅವರ ಕೈಯನ್ನು ನೋಡಿ ನುಂಗಿಕೊಂಡೆನು. ಎರಡು ಚೀಲ ಕಾಳು ನೆನೆಯಿತು. ನೆನೆಯಲಿ.