ಅಂಗೈ ಮರೆಯ ನಾಲ್ಕು ಅಂಕಿ

ಮಿರಗದ ಮಳೆ ಹನಿದು ಎರಡು ದಿನವಾಗಿತ್ತು. ಇಂಡಿಯ ಗೊಬ್ಬರದಂಗಡಿಯೊಂದರಲ್ಲಿ ಕಾಲಿಡಲು ಜಾಗವಿರಲಿಲ್ಲ. ತೊಗರಿ ಬಿತ್ತನೆಗೆ ಡಿಎಪಿ ಕೊಳ್ಳಲು ಬಂದ ರೈತನೊಬ್ಬ ತನ್ನ ಕಿಸಾನ್ ಕ್ರೆಡಿಟ್ ಕಾರ್ಡನ್ನು ಮುಂದಿಟ್ಟ.

"ನಂಬರ್ ಹೇಳ್ರಿ ಕಾಕಾ" ಎಂದ ಅಂಗಡಿಯ ಹುಡುಗ.

ಆತ ಬಾಯಿ ತೆರೆಯುವಷ್ಟರಲ್ಲಿ ಜೊತೆಗಿದ್ದ ಮಗಳು ತಡೆದಳು: "ಅಪ್ಪಾ, ಬಾಯಿಲೆ ಹೇಳಬ್ಯಾಡ. ನೀನ ಒತ್ತು."

ಸುತ್ತಲಿನವರು ನಕ್ಕರು. ಅಪ್ಪನಿಗೆ ಮುಜುಗರ. ನಿಂತವರೆಲ್ಲ ಪರಿಚಯದವರೇ, ಅವರೆದುರು ಮುಚ್ಚಿಡುವುದೇನಿದೆ?

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಯ ರೈತನಿಗೂ ಇಂಥ ಯಂತ್ರ ಹೊಸತಲ್ಲ. 2018ರ ಹೊತ್ತಿಗೆ ದೇಶದ ಗೊಬ್ಬರದಂಗಡಿಗಳಿಗೆಲ್ಲ ಹೆಬ್ಬೆರಳೊತ್ತುವ ಯಂತ್ರ ಬಂದಿತ್ತು. ಗೊಬ್ಬರ ಕೊಂಡವರು ಯಾರೆಂದು ಅದು ಬರೆದಿಡುತ್ತದೆ. ಪಕ್ಕದ ಕಾರ್ಡಿನ ಯಂತ್ರದ ಕೆಲಸ ಬೇರೆ, ಅದು ಹಣ ಕೇಳುತ್ತದೆ. ಕಿಸಾನ್ ಕಾರ್ಡ್ ಯೋಜನೆ ಬಂದದ್ದು 1998ರಲ್ಲಿ. 2012ರ ಪರಿಷ್ಕರಣೆಯ ನಂತರ ಪಾಸ್‌ಬುಕ್ಕಿನ ಆ ಸಾಲ ಇಂಥ ಯಂತ್ರಕ್ಕೂ ಒಗ್ಗುವ ಕಾರ್ಡಾಯಿತು.

ಊರಿಗೆ ಮರಳುವ ಬಸ್ಸಿನಲ್ಲಿ ಪಿಯುಸಿ ಓದುವ ಮಗಳು ಅಪ್ಪನಿಗೆ ಬಿಡಿಸಿ ಹೇಳಿದಳು. ಕಾರ್ಡಿನ ಬೆನ್ನಿನ ಕಪ್ಪು ಪಟ್ಟಿ ಹಳೆಯ ಕ್ಯಾಸೆಟ್ಟಿನ ಟೇಪಿನಂತೆ. ಎಷ್ಟು ಸಲ ಉಜ್ಜಿದರೂ ಅದೇ ಮಾತು ಹೇಳುತ್ತದೆ. ಹಾಗಾಗಿ ನಕಲು ಮಾಡುವುದು ಸುಲಭ. ಮುಂದಿನ ಹೊಂಬಣ್ಣದ ಚಿಪ್ಪು ಹಾಗಲ್ಲ. ಅದೊಂದು ಪುಟಾಣಿ ಕಂಪ್ಯೂಟರ್. ಯಂತ್ರದ ಬಾಯಿಗಿಟ್ಟಾಗ ಅಲ್ಲಿಂದಲೇ ವಿದ್ಯುತ್ ಪಡೆದು, ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತವೊಂದನ್ನು ಹೆಣೆಯುತ್ತದೆ.

ಯಂತ್ರದ ಪರದೆ ಮೊತ್ತ ತೋರಿಸುತ್ತದೆ. ಅದನ್ನು ಓದಿದ ಮೇಲೆಯೇ ಬೆರಳೆತ್ತಬೇಕು. ಗುಂಡಿಗಳ ಫಲಕ ಒತ್ತಿದ ಅಂಕಿಗಳನ್ನು ಅಲ್ಲೇ ಗುಪ್ತಲಿಪಿಗೆ ತಿರುಗಿಸುತ್ತದೆ. ಪರದೆಯ ಮೇಲೆ ಕಾಣುವುದು ಬರೀ ಚುಕ್ಕೆ. ಒಳಗಿನ ಸಿಮ್ ಸುದ್ದಿಯನ್ನು ಅಂಗಡಿಯ ಬ್ಯಾಂಕಿಗೆ ಕಳಿಸುತ್ತದೆ. ಅಲ್ಲಿಂದ ಅದು ರೂಪೇಯಂಥ ಜಾಲದ ಮೂಲಕ ರೈತನ ಬ್ಯಾಂಕಿಗೆ ಹೋಗಿ, ಒಪ್ಪಿಗೆ ಹೊತ್ತು ಕೆಲವೇ ಕ್ಷಣಗಳಲ್ಲಿ ಮರಳುತ್ತದೆ.

"ಇಷ್ಟೆಲ್ಲಾ ಕಾವಲು ಅದಾವಪ್ಪಾ. ಆದ್ರ ನಾವ ಬಾಯಿ ಬಿಟ್ರ ಯಾವ ಯಂತ್ರಾನೂ ಕಾಯಂಗಿಲ್ಲ."

ಅಪ್ಪ ಮಾತಾಡಲಿಲ್ಲ. ಆ ಕಾರ್ಡಿನಲ್ಲಿದ್ದುದು ಉಳಿತಾಯವಲ್ಲ, ಸಾಲ. ಬೇರೆಯವರು ತೆಗೆದುಕೊಂಡರೂ ಲೆಕ್ಕ ಬರುವುದು ತನ್ನ ಹೆಸರಿಗೇ. ಆತ ಜೇಬಿನಿಂದ ಚೀಟಿ ತೆಗೆದು ನೋಡಿದ.

"ಇದನ್ನ ಟ್ರಂಕಿನ್ಯಾಗ ಇಡ್ತೀನಿ."

"ಇಟ್ರೂ ಅಳಿಸಿ ಹೋಗ್ತದಪ್ಪಾ. ಇದರಾಗ ಮಸಿ ಇಲ್ಲ, ಕಾವಿಗೆ ಕಪ್ಪಾಗೋ ಕಾಗದ. ಮನಿಗಿ ಹೋಗಿ ಡೈರ‍್ಯಾಗ ಬರಕೊಳ್ಳೂಣು."

ಆ ರಾತ್ರಿ ತಾರೀಖು, ಮೊತ್ತ ಎರಡೂ ಡೈರಿಗೆ ಏರಿದವು. ತಿಂಗಳ ನಂತರ ಮತ್ತೆ ಗೊಬ್ಬರಕ್ಕೆ ಹೋದಾಗ ಮಗಳು ಕಾಲೇಜಿನಲ್ಲಿದ್ದಳು. "ನಂಬರ್ ಹೇಳ್ರಿ ಕಾಕಾ" ಎಂದ ಅದೇ ಹುಡುಗ. ಆತ ಯಂತ್ರವನ್ನು ತನ್ನತ್ತ ಎಳೆದುಕೊಂಡು, ಮೊತ್ತ ಓದಿ, ಎಡಗೈ ಮರೆ ಮಾಡಿ ನಾಲ್ಕು ಗುಂಡಿ ಒತ್ತಿದ.

ಈ ಸಲ ಯಾರೂ ನಗಲಿಲ್ಲ. ಹಿಂದೆ ನಿಂತಿದ್ದವನೊಬ್ಬ ತನ್ನ ಸರದಿ ಬಂದಾಗ ಹಾಗೆಯೇ ಮಾಡಿದ.